ಸಹನೆ ಚಿಕಿತ್ಸೆಯಲ್ಲ: ಕೀಮೋಥೆರಪಿಯ ಕಾಲದ ಏದುಸಿರು, ಎದೆನೋವುಗಳ ಬಗೆಗಿನ ಒಂದು ರೂಢಿಯ ಖಂಡನೆ

ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ಔಷಧಿಗಳಿಂದ ನಾಶಪಡಿಸುವ ಕೀಮೋಥೆರಪಿ ಎಂಬ ಚಿಕಿತ್ಸೆಯ ಸುತ್ತ ಒಂದು ಅಭಿಪ್ರಾಯವು ಯಾರೂ ಪ್ರಶ್ನಿಸದ ಸತ್ಯದಂತೆ ನೆಲೆಯೂರಿದೆ. ಔಷಧಿ ಪ್ರಬಲವಾದುದರಿಂದ ಅದರ ಕಾಟವೂ ಪ್ರಬಲವಾಗಿಯೇ ಇರುತ್ತದೆ, ಸುಸ್ತು, ಏದುಸಿರು, ಎದೆಬಡಿತ, ಒಣಕೆಮ್ಮು, ಕಾಲೂತ ಮೊದಲಾದವು ‘ಕೀಮೋ ಎಂದಮೇಲೆ ಇದ್ದದ್ದೇ’, ಹಲ್ಲು ಕಚ್ಚಿ ತಡೆದುಕೊಂಡವರು ಗುಣವಾಗುತ್ತಾರೆ, ಮೊದಲು ಕ್ಯಾನ್ಸರ್ ಹೋಗಲಿ, ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂಬುದು ಆ ಅಭಿಪ್ರಾಯದ ಸಾರ. ಮನೆಯ ಹಿರಿಯರು, ಬಂಧುಗಳು, ಹಿಂದೆ ಚಿಕಿತ್ಸೆ ಪಡೆದವರು, ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯೂ ಇದನ್ನೇ ಧೈರ್ಯದ ಮಾತಾಗಿ ರೋಗಿಗೆ ಹೇಳುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ ಆದರೂ, ಹೃದಯ ಮತ್ತು ಶ್ವಾಸಕೋಶಗಳ ವಿಷಯದಲ್ಲಿ ಈ ಮಾತು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಖಂಡನೆಗೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸುವುದು ನ್ಯಾಯ. ಈ ಅಭಿಪ್ರಾಯದ ಹಿಂದೆ ನಾಲ್ಕು ವಾದಗಳಿವೆ. ಕೀಮೋ ಪಡೆಯುವವರಲ್ಲಿ ಬಹುಪಾಲು ಜನರ ಆಯಾಸಕ್ಕೆ ಹೃದಯವಾಗಲಿ ಶ್ವಾಸಕೋಶವಾಗಲಿ ಕಾರಣವಲ್ಲದಿರುವುದರಿಂದ ಪ್ರತಿಯೊಂದು ಉಬ್ಬಸಕ್ಕೂ ತಪಾಸಣೆ ಮಾಡಿಸುವುದು ವ್ಯರ್ಥ ಎಂಬುದು ಮೊದಲನೆಯದು. ತೊಂದರೆಯನ್ನು ಹೇಳಿಕೊಂಡರೆ ವೈದ್ಯರು ಡೋಸ್ ಇಳಿಸುತ್ತಾರೆ ಅಥವಾ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ, ಅದರಿಂದ ಕ್ಯಾನ್ಸರ್ ಮರಳುತ್ತದೆ ಎಂಬುದು ಎರಡನೆಯದು. ಎದುರಿಗಿರುವ ಕ್ಯಾನ್ಸರು ಇಂದಿನ ಶತ್ರು, ಹೃದಯದ ತೊಂದರೆಯೇನಿದ್ದರೂ ನಾಳಿನದು ಎಂಬುದು ಮೂರನೆಯದು. ಅಡ್ಡಪರಿಣಾಮಗಳನ್ನು ಎಣಿಸುತ್ತ ಕುಳಿತರೆ ರೋಗಿಯ ಮನೋಬಲ ಕುಸಿಯುತ್ತದೆ ಎಂಬುದು ನಾಲ್ಕನೆಯದು. ನಾಲ್ಕರಲ್ಲಿಯೂ ಒಂದೊಂದು ಅಂಶ ಸತ್ಯವಿದೆ. ಆದರೆ ಯಾವುದೂ ರೋಗಿಯು ಮೌನವಾಗಿರಬೇಕೆಂಬ ತೀರ್ಮಾನಕ್ಕೆ ಕೊಂಡೊಯ್ಯುವುದಿಲ್ಲ.

ಮೊದಲನೆಯ ವಾದದ ದೋಷವೆಂದರೆ, ‘ಇದ್ದದ್ದೇ’ ಎಂಬ ಒಂದೇ ಉತ್ತರದಡಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹತ್ತಾರು ಸ್ಥಿತಿಗಳನ್ನು ಅದು ಒಟ್ಟುಗೂಡಿಸುತ್ತದೆ. ಕೀಮೋ ಪಡೆಯುತ್ತಿರುವವರಿಗೆ ಉಸಿರು ಸಾಲದೆ ಹೋಗುವುದಕ್ಕೆ ಕೆಂಪು ರಕ್ತಕಣಗಳ ಕೊರತೆ ಕಾರಣವಾಗಿರಬಹುದು. ಬಿಳಿ ರಕ್ತಕಣಗಳು ಕುಸಿದಾಗ ತಗುಲಿದ ನ್ಯುಮೋನಿಯಾ ಇರಬಹುದು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿಕೊಂಡು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿರಬಹುದು. ಕ್ಯಾನ್ಸರೇ ರಕ್ತ ಹೆಪ್ಪುಗಟ್ಟುವ ಸ್ವಭಾವವನ್ನು ಹೆಚ್ಚಿಸುತ್ತದೆ, ಸಿಸ್‌ಪ್ಲಾಟಿನ್‌ನಂತಹ ಔಷಧಿಗಳು ಅದನ್ನು ಇನ್ನಷ್ಟು ಹೆಚ್ಚಿಸುತ್ತವೆ. ಶ್ವಾಸಕೋಶದ ಅಥವಾ ಹೃದಯದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿರಬಹುದು, ಹೃದಯದ ಸ್ನಾಯು ದುರ್ಬಲಗೊಂಡಿರಬಹುದು, ಔಷಧಿಯಿಂದ ಶ್ವಾಸಕೋಶಕ್ಕೆ ಉರಿಯೂತ ಬಂದಿರಬಹುದು, ಅಥವಾ ಬರಿಯ ಆತಂಕವೂ ಇರಬಹುದು. ಒಂದಕ್ಕೆ ರಕ್ತ ಕೊಡಬೇಕು, ಇನ್ನೊಂದಕ್ಕೆ ಆಂಟಿಬಯೊಟಿಕ್, ಮತ್ತೊಂದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ, ಮಗದೊಂದಕ್ಕೆ ಸ್ಟಿರಾಯ್ಡ್ ಬೇಕು. ಕಾರಣ ಯಾವುದೆಂದು ತಿಳಿಯದೆ ಇವುಗಳಲ್ಲಿ ಯಾವುದನ್ನೂ ಕೊಡಲಾಗದು, ಮತ್ತು ಹೇಳದ ತೊಂದರೆಯ ಕಾರಣವನ್ನು ಯಾರೂ ಹುಡುಕಲಾರರು.

ಕನ್ನಡನಾಡಿನ ಮನೆಗಳಲ್ಲಿ ಈ ಗೊಂದಲಕ್ಕೆ ಮೂರು ಸಿದ್ಧ ಉತ್ತರಗಳು ಬಳಕೆಯಲ್ಲಿವೆ. ಎದೆ ಹಿಡಿದುಕೊಂಡರೆ ‘ಗ್ಯಾಸ್ಟ್ರಿಕ್’, ಏದುಸಿರು ಬಂದರೆ ‘ರಕ್ತ ಕಡಿಮೆಯಾಗಿದೆ’, ಕೆಮ್ಮು ಬಂದರೆ ‘ಹವಾ ಬದಲಾಗಿದೆ’. ಈ ಉತ್ತರಗಳು ಕೆಲವೊಮ್ಮೆ ಸರಿಯಾಗಿಯೂ ಇರುತ್ತವೆ ಎಂಬುದರಲ್ಲೇ ಅವುಗಳ ಅಪಾಯ ಅಡಗಿದೆ. ಕರುಳಿನ ಮತ್ತು ಸ್ತನದ ಕ್ಯಾನ್ಸರುಗಳಲ್ಲಿ ಬಳಸುವ ಕ್ಯಾಪೆಸಿಟಬಿನ್ ಎಂಬ ಮಾತ್ರೆಯನ್ನು ರೋಗಿಗಳು ಮನೆಯಲ್ಲಿಯೇ ದಿನಕ್ಕೆರಡು ಬಾರಿ ನುಂಗುತ್ತಾರೆ. ಅದು ದೇಹದೊಳಗೆ 5-ಫ್ಲೋರೊಯುರಾಸಿಲ್ ಎಂಬ ಔಷಧಿಯಾಗಿ ಮಾರ್ಪಡುತ್ತದೆ. ಈ ಔಷಧಿಯು ಕೆಲವರಲ್ಲಿ ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳನ್ನು ಹಠಾತ್ತನೆ ಬಿಗಿದು ಸಂಕುಚಿತಗೊಳಿಸುತ್ತದೆ; ಆಗ ಆ ಅಪಧಮನಿಗಳಲ್ಲಿ ಕೊಬ್ಬಿನ ಅಡಚಣೆ ಇಲ್ಲದವರಿಗೂ ಹೃದಯಾಘಾತದ ಮಾದರಿಯ ನೋವು ಬರಬಹುದು, ಮತ್ತು ಅದು ಹೆಚ್ಚಾಗಿ ಮೊದಲ ಸುತ್ತಿನ ಮೊದಲ ಕೆಲವು ದಿನಗಳಲ್ಲಿಯೇ ಕಾಣಿಸುತ್ತದೆ. ಆ ನೋವಿಗೆ ಆ್ಯಂಟಾಸಿಡ್ ಕುಡಿಸಿ ಮುಂದಿನ ಮಾತ್ರೆಯನ್ನು ನುಂಗಿಸುವುದು ಹೃದಯವನ್ನು ಅದೇ ಪೆಟ್ಟಿಗೆ ಮತ್ತೆ ಒಡ್ಡಿದಂತೆ. ಇಲ್ಲಿ ಮಾಡಬೇಕಾದದ್ದು ಮಾತ್ರೆಯನ್ನು ನಿಲ್ಲಿಸಿ, ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಇಸಿಜಿ ಮಾಡಿಸಿ, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಅಲ್ಲಿನ ವೈದ್ಯರಿಗೆ ತಿಳಿಸುವುದು.

ಹೃದಯದ ಹಾನಿಯ ಬಗ್ಗೆ ವೈದ್ಯಶಾಸ್ತ್ರಕ್ಕೆ ಅತ್ಯಂತ ದೀರ್ಘವಾದ ಅನುಭವವಿರುವುದು ಆಂಥ್ರಾಸೈಕ್ಲಿನ್ ಎಂಬ ಗುಂಪಿನ ಔಷಧಿಗಳಿಂದ. ಇಟಲಿಯ ಸಂಶೋಧಕರು 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಈ ಗುಂಪಿನ ಔಷಧಿಗಳನ್ನು ಪಡೆದರು. ಅವುಗಳಲ್ಲಿ ಪ್ರಮುಖವಾದ ಡಾಕ್ಸೊರುಬಿಸಿನ್‌ಗೆ ಆಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಬಂದ ಆಡ್ರಿಯಾಮೈಸಿನ್ ಎಂಬ ಹೆಸರೂ ಇದೆ. ಸ್ತನ ಕ್ಯಾನ್ಸರ್, ಲಿಂಫೋಮಗಳೆಂಬ ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್ ಮುಂತಾದವುಗಳಲ್ಲಿ ಇಂದಿಗೂ ಅದರ ಸ್ಥಾನ ದೊಡ್ಡದು. ಹನಿಹನಿಯಾಗಿ ಇಳಿಯುವ ಈ ಕೆಂಪು ಔಷಧಿಯು ಕ್ಯಾನ್ಸರ್ ಕೋಶಗಳೊಡನೆ ಹೃದಯದ ಸ್ನಾಯುಕೋಶಗಳನ್ನೂ ಘಾಸಿಗೊಳಿಸುತ್ತದೆ, ಮತ್ತು ಆ ಕೋಶಗಳಿಗೆ ಮರುಹುಟ್ಟಿನ ಶಕ್ತಿ ಅತ್ಯಲ್ಪ. 1979ರಲ್ಲಿ ಪ್ರಕಟವಾದ, ಸುಮಾರು 4,000 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ದೇಹಕ್ಕೆ ಸೇರಿದ ಒಟ್ಟು ಔಷಧಿಯ ಪ್ರಮಾಣ ಏರಿದಂತೆ ಹೃದಯ ವೈಫಲ್ಯದ, ಎಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯವು ಪಂಪ್ ಮಾಡಲಾಗದ ಸ್ಥಿತಿಯ, ಸಂಭವವೂ ಏರುತ್ತದೆಂದು ಸ್ಪಷ್ಟಪಡಿಸಿತು. 2003ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ತಲುಪುವ ಹೊತ್ತಿಗೆ ಸುಮಾರು ಶೇ. 5ರಷ್ಟು, 550 ಮಿಲಿಗ್ರಾಂಗೆ ಶೇ. 26ರಷ್ಟು, 700 ಮಿಲಿಗ್ರಾಂಗೆ ಶೇ. 48ರಷ್ಟು ರೋಗಿಗಳಲ್ಲಿ ಹೃದಯ ವೈಫಲ್ಯ ಕಾಣಿಸುತ್ತದೆ.

ಈ ಅಂಕಿಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಇದೇ ಅಳತೆಯಲ್ಲಿ, ಸ್ತನ ಕ್ಯಾನ್ಸರಿನ ಸಾಮಾನ್ಯ ನಾಲ್ಕು ಸುತ್ತುಗಳಲ್ಲಿ ಒಟ್ಟು ಸೇರುವುದು ಸುಮಾರು 240 ಮಿಲಿಗ್ರಾಂ, ಲಿಂಫೋಮದ ಆರು ಸುತ್ತುಗಳಲ್ಲಿ ಸುಮಾರು 300 ಮಿಲಿಗ್ರಾಂ. ಹೀಗೆ ಮಿತಿಯೊಳಗೆ ಇರಿಸುವ ಪದ್ಧತಿಯು ಹುಟ್ಟಿದ್ದೇ ಮೇಲಿನ ಅಧ್ಯಯನಗಳಂಥವುಗಳಿಂದ, ಎಂದರೆ ರೋಗಿಗಳ ತೊಂದರೆಯನ್ನು ‘ಇದ್ದದ್ದೇ’ ಎಂದು ತಳ್ಳಿಹಾಕದೆ ಬರೆದಿಟ್ಟು ಎಣಿಸಿದ್ದರಿಂದ. ಆದರೆ ಕಡಿಮೆ ಪ್ರಮಾಣದಲ್ಲಿಯೂ ಅಪಾಯ ಸೊನ್ನೆಯಲ್ಲ. ವಯಸ್ಸಾದವರಲ್ಲಿ, ಮೊದಲೇ ರಕ್ತದೊತ್ತಡ ಅಥವಾ ಹೃದ್ರೋಗ ಇರುವವರಲ್ಲಿ, ಎದೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅದು ಹೆಚ್ಚು.

ಸಹಿಸಿಕೊಳ್ಳಿ ಎಂಬ ಉಪದೇಶವನ್ನು ಬುಡಸಮೇತ ಕೀಳುವ ಸಾಕ್ಷ್ಯ ದೊರೆತದ್ದು ಮಿಲಾನ್ ನಗರದ ಯುರೋಪಿಯನ್ ಇನ್ಸ್ಟಿಟ್ಯೂಟ್ ಆಫ್ ಆಂಕಾಲಜಿಯಿಂದ. ಆಂಥ್ರಾಸೈಕ್ಲಿನ್‌ನಿಂದ ಹೃದಯ ದುರ್ಬಲಗೊಂಡಿದ್ದ 201 ರೋಗಿಗಳಿಗೆ ಅಲ್ಲಿನ ವೈದ್ಯರು ಎನಲಪ್ರಿಲ್ ಮತ್ತು ಸಾಧ್ಯವಾದವರಿಗೆ ಕಾರ್ವೆಡಿಲಾಲ್ ಎಂಬ ಮಾತ್ರೆಗಳನ್ನು ಕೊಟ್ಟು ಪರಿಣಾಮವನ್ನು 2010ರಲ್ಲಿ ಪ್ರಕಟಿಸಿದರು. ಇವೆರಡೂ ರಕ್ತದೊತ್ತಡಕ್ಕೂ ಹೃದಯ ವೈಫಲ್ಯಕ್ಕೂ ಬಹುಕಾಲದಿಂದ ಬಳಕೆಯಲ್ಲಿರುವ ಸಾಮಾನ್ಯ ಮಾತ್ರೆಗಳು. ಕೀಮೋ ಮುಗಿದು 2 ತಿಂಗಳ ಒಳಗೆ ಈ ಮಾತ್ರೆಗಳನ್ನು ಆರಂಭಿಸಿದವರಲ್ಲಿ ಸುಮಾರು ಶೇ. 64ರಷ್ಟು ಮಂದಿಯ ಹೃದಯದ ಶಕ್ತಿ ಪೂರ್ತಿ ಮರಳಿತು. ತಡವಾದಷ್ಟೂ ಆ ಪ್ರಮಾಣ ಇಳಿಯುತ್ತ ಹೋಯಿತು. 6 ತಿಂಗಳು ದಾಟಿದ ಮೇಲೆ ಆರಂಭಿಸಿದವರಲ್ಲಿ ಪೂರ್ತಿ ಚೇತರಿಕೆ ಯಾರಿಗೂ ದೊರೆಯಲಿಲ್ಲ. ಅದೇ ತಂಡವು 2015ರಲ್ಲಿ 2,625 ರೋಗಿಗಳನ್ನು ಕುರಿತು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಶೇ. 9ರಷ್ಟು ಮಂದಿಯಲ್ಲಿ ಹೃದಯದ ಹಾನಿ ಕಂಡುಬಂತು, ಮತ್ತು ಅದರಲ್ಲಿ ಶೇ. 98ರಷ್ಟು ಪ್ರಕರಣಗಳು ಕೀಮೋ ಮುಗಿದ ಮೊದಲ ವರ್ಷದೊಳಗೇ ಪತ್ತೆಯಾದವು. ಹಾನಿಯು ಹೃದಯಕ್ಕೆ ತಟ್ಟಿದ ಮೇಲೆ ಅದನ್ನು ಹಿಂದಿರುಗಿಸಬಹುದಾದ ಕಾಲ ಸೀಮಿತವಾದದ್ದು, ಮತ್ತು ಆ ಕಾಲವು ಕಳೆದುಹೋಗುವುದು ರೋಗಿಯು ತಾಳ್ಮೆಯಿಂದ ಕಾಯುತ್ತಿರುವಾಗಲೇ. ಆದುದರಿಂದ ‘ಆಮೇಲೆ ನೋಡಿಕೊಳ್ಳೋಣ’ ಎಂಬ ಮೂರನೆಯ ವಾದವು ಇಲ್ಲಿಯೇ ಬಿದ್ದುಹೋಗುತ್ತದೆ, ಏಕೆಂದರೆ ನೋಡಿಕೊಳ್ಳಲು ಆಮೇಲೆ ಉಳಿಯುವುದು ಗುಣವಾಗದ ಹೃದಯ.

ಶ್ವಾಸಕೋಶದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಜಪಾನಿನ ವಿಜ್ಞಾನಿ ಹಮಾವೊ ಉಮೆಜಾವಾ 1960ರ ದಶಕದಲ್ಲಿ ಕಂಡುಹಿಡಿದ ಬ್ಲಿಯೊಮೈಸಿನ್ ಎಂಬ ಔಷಧಿಯು ವೃಷಣದ ಕ್ಯಾನ್ಸರನ್ನೂ ಹಾಡ್‌ಕಿನ್ ಲಿಂಫೋಮವನ್ನೂ ಗುಣಪಡಿಸುವುದರಲ್ಲಿ ದೊಡ್ಡ ಪಾಲು ಪಡೆದಿದೆ. ಈ ಔಷಧಿಯನ್ನು ಒಡೆದು ನಿಷ್ಕ್ರಿಯಗೊಳಿಸುವ ಕಿಣ್ವವು ದೇಹದ ಉಳಿದ ಅಂಗಗಳಲ್ಲಿ ಸಾಕಷ್ಟಿದ್ದರೂ ಶ್ವಾಸಕೋಶದಲ್ಲಿ ಮತ್ತು ಚರ್ಮದಲ್ಲಿ ಅತ್ಯಲ್ಪವಾಗಿರುತ್ತದೆ, ಹೀಗಾಗಿ ಅದರ ಪೆಟ್ಟು ಬೀಳುವುದೂ ಅಲ್ಲಿಯೇ. ಆರಂಭದಲ್ಲಿ ಒಣಕೆಮ್ಮು ಮತ್ತು ಮೆಟ್ಟಿಲು ಹತ್ತುವಾಗಿನ ಏದುಸಿರು ಬಿಟ್ಟರೆ ಬೇರೆ ಸೂಚನೆ ಇರದಿರಬಹುದು. ನಿರ್ಲಕ್ಷಿಸಿದರೆ ರಕ್ತಕ್ಕೆ ಆಮ್ಲಜನಕವನ್ನು ದಾಟಿಸುವ ಮೃದುವಾದ ಗಾಳಿಗೂಡುಗಳ ಗೋಡೆಗಳು ಗಾಯದ ಕಲೆಯಂತೆ ಗಟ್ಟಿಯಾಗುತ್ತವೆ. ನಾರುಗಟ್ಟುವಿಕೆ ಎಂಬ ಆ ಸ್ಥಿತಿಯನ್ನು ಹಿಂದಿರುಗಿಸುವ ಔಷಧಿ ಇಲ್ಲ. ಅದಕ್ಕೂ ಮೊದಲಿನ ಉರಿಯೂತದ ಹಂತದಲ್ಲಿ ಬ್ಲಿಯೊಮೈಸಿನನ್ನು ನಿಲ್ಲಿಸಿ ಸ್ಟಿರಾಯ್ಡ್ ಕೊಟ್ಟರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಒಟ್ಟು 400 ಯೂನಿಟ್ ಮೀರಿದರೆ ಅಪಾಯ ತೀವ್ರವಾಗಿ ಏರುತ್ತದೆಂದು ಗೊತ್ತಿದ್ದರೂ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿಯೂ, ವಿಶೇಷವಾಗಿ ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡದವರಲ್ಲಿ, ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ ಹಾನಿ ಕಾಣಿಸಬಹುದು. ಅಲ್ಲದೆ ಬ್ಲಿಯೊಮೈಸಿನ್ ಪಡೆದವರಿಗೆ ಮುಂದೆ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಆಮ್ಲಜನಕ ಕೊಟ್ಟರೆ ಶ್ವಾಸಕೋಶ ಕುಸಿಯಬಹುದೆಂಬ ಎಚ್ಚರಿಕೆಯು 1978ರಷ್ಟು ಹಿಂದೆಯೇ ಪ್ರಕಟವಾಗಿದೆ. ಹಿಂದೆಂದೋ ಪಡೆದ ಔಷಧಿಯ ಹೆಸರನ್ನು ಅರಿವಳಿಕೆ ಕೊಡುವ ವೈದ್ಯರಿಗೆ ತಿಳಿಸದ ರೋಗಿಯು ಈ ಎಚ್ಚರಿಕೆಯ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ.

ಹೊಸ ಔಷಧಿಗಳು ಬಂದ ಮೇಲೂ ಈ ಪಾಠ ಹಳೆಯದಾಗಿಲ್ಲ. ಸ್ತನ ಕ್ಯಾನ್ಸರಿನ ಒಂದು ಬಗೆಗೆ ಬಳಸುವ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕ್ಯಾನ್ ಎಂಬ ಔಷಧಿಯ ಆರಂಭಿಕ ಪ್ರಯೋಗದಲ್ಲಿ ಶೇ. 13.6ರಷ್ಟು ರೋಗಿಗಳಲ್ಲಿ ಶ್ವಾಸಕೋಶದ ಉರಿಯೂತ ಕಾಣಿಸಿ ಶೇ. 2.2ರಷ್ಟು ಮಂದಿ ಅದರಿಂದಲೇ ಮೃತಪಟ್ಟರು. ಅದಾದ ಮೇಲೆ, ರೋಗಿಗೆ ಯಾವ ತೊಂದರೆಯೂ ಅನಿಸದಿದ್ದು ಸ್ಕ್ಯಾನಿನಲ್ಲಿ ಮಾತ್ರ ಬದಲಾವಣೆ ಕಂಡರೂ ಔಷಧಿಯನ್ನು ತಡೆಹಿಡಿಯಬೇಕೆಂಬುದು ವೈದ್ಯರಿಗೆ ಕೊಟ್ಟಿರುವ ಸೂಚನೆಯಾಗಿದೆ. ಲಕ್ಷಣವೇ ಇಲ್ಲದ ಹಂತದಲ್ಲಿಯೂ ಇಷ್ಟು ಎಚ್ಚರ ವಹಿಸುವ ಶಾಸ್ತ್ರದ ಎದುರಿಗೆ, ಲಕ್ಷಣವನ್ನು ಬಚ್ಚಿಡಬೇಕೆಂಬ ಲೋಕರೂಢಿಗೆ ಸಮರ್ಥನೆ ಎಲ್ಲಿಂದ ಬರಬೇಕು?

ಎರಡನೆಯ ವಾದವು ಹೆಚ್ಚು ಗಂಭೀರವಾದದ್ದು, ಏಕೆಂದರೆ ಅದರ ಹಿಂದಿರುವುದು ಸಾವಿನ ಭಯ. ಹೇಳಿಕೊಂಡರೆ ಚಿಕಿತ್ಸೆ ನಿಲ್ಲುತ್ತದೆ ಎಂದು ಹೆದರಿದ ರೋಗಿಯನ್ನು ಹಳಿಯುವಂತಿಲ್ಲ; ಆದರೆ ಆ ಭಯಕ್ಕೆ ಆಧಾರ ಎಷ್ಟಿದೆ ಎಂಬುದನ್ನು ನೋಡಲೇಬೇಕು. ಪಂಪ್ ಮಾಡುವ ಶಕ್ತಿ ಸ್ವಲ್ಪ ಕುಗ್ಗಿದ್ದ ಹೃದಯದ 30 ಮಂದಿ ಸ್ತನ ಕ್ಯಾನ್ಸರ್ ರೋಗಿಗಳಿಗೆ, ಹೃದಯ ತಜ್ಞರ ನಿಗಾ ಮತ್ತು ಮಾತ್ರೆಗಳೊಡನೆ, ಹೃದಯವನ್ನು ದುರ್ಬಲಗೊಳಿಸಬಲ್ಲ ಟ್ರಾಸ್ಟುಜುಮ್ಯಾಬ್‌ನಂತಹ ಔಷಧಿಗಳನ್ನು ಮುಂದುವರಿಸಿದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಹೊರಬಂತು. ಅವರಲ್ಲಿ 27 ಮಂದಿ ನಿಗದಿತ ಚಿಕಿತ್ಸೆಯನ್ನು ಪೂರ್ತಿಗೊಳಿಸಿದರು. ಹಾಡ್‌ಕಿನ್ ಲಿಂಫೋಮದಲ್ಲಿ, ಎರಡು ಸುತ್ತುಗಳ ನಂತರದ ಪೆಟ್ ಸ್ಕ್ಯಾನಿನಲ್ಲಿ ರೋಗದ ಚಟುವಟಿಕೆ ಕಾಣದವರಿಗೆ ಬ್ಲಿಯೊಮೈಸಿನನ್ನು ಬಿಟ್ಟು ಉಳಿದ ಔಷಧಿಗಳನ್ನು ಮಾತ್ರ ಕೊಟ್ಟ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ನಂತರ ರೋಗ ಉಲ್ಬಣಿಸದೆ ಉಳಿದವರು ಬ್ಲಿಯೊಮೈಸಿನ್ ಮುಂದುವರಿಸಿದ ಗುಂಪಿನಲ್ಲಿ ಶೇ. 85.7, ಬಿಟ್ಟ ಗುಂಪಿನಲ್ಲಿ ಶೇ. 84.4, ಬಿಟ್ಟವರಲ್ಲಿ ಶ್ವಾಸಕೋಶದ ತೊಂದರೆ ಕಡಿಮೆ. ಕೀಮೋಥೆರಪಿಯ ಯೋಜನೆಯನ್ನು ಬದಲಿಸಲೇಬಾರದ ಶಾಸನವೆಂದು ಭಾವಿಸುವುದು ತಪ್ಪು ಎಂಬುದನ್ನು ಇವು ತೋರಿಸುತ್ತವೆ. ಒಂದು ಔಷಧಿಯನ್ನು ತೆಗೆಯಬಹುದು, ಇನ್ನೊಂದನ್ನು ಸೇರಿಸಬಹುದು. ಡಾಕ್ಸೊರುಬಿಸಿನನ್ನು ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ತುಂಬಿದ ರೂಪದಲ್ಲಿ ಕೊಡಬಹುದು, ಹೃದಯವನ್ನು ಕಾಯುವ ಡೆಕ್ಸ್‌ರಜಾಕ್ಸೇನ್ ಎಂಬ ಔಷಧಿಯನ್ನು ಆಯ್ದ ರೋಗಿಗಳಿಗೆ ಜೊತೆಗೆ ಕೊಡಬಹುದು. ಬೇಗ ಹೇಳಿದವರ ಚಿಕಿತ್ಸೆಯು ಬದಲಾದ ರೂಪದಲ್ಲಿ ಮುಂದುವರಿಯುವ ಸಾಧ್ಯತೆ ಹೆಚ್ಚು; ತಡವಾಗಿ, ಹೃದಯ ಸೋತು ತುರ್ತು ವಿಭಾಗಕ್ಕೆ ಬಂದವರ ಚಿಕಿತ್ಸೆಯನ್ನು ನಿಲ್ಲಿಸದೆ ಅನೇಕ ವೇಳೆ ಬೇರೆ ದಾರಿ ಉಳಿಯುವುದಿಲ್ಲ.

ಹೇಳಿಕೊಳ್ಳುವುದರಿಂದ ಆಯುಷ್ಯ ಕುಗ್ಗುತ್ತದೆಯೇ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೂ ನೇರ ಉತ್ತರವಿದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ, ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಏದುಸಿರನ್ನೂ ಒಳಗೊಂಡ 12 ಸಾಮಾನ್ಯ ತೊಂದರೆಗಳನ್ನು ನಿಯತವಾಗಿ ಕಂಪ್ಯೂಟರಿನಲ್ಲಿ ದಾಖಲಿಸಿದರು, ತೊಂದರೆ ತೀವ್ರವಾದಾಗ ನರ್ಸುಗಳಿಗೆ ಕೂಡಲೇ ಸೂಚನೆ ಹೋಗುತ್ತಿತ್ತು. ಇನ್ನೊಂದು ಗುಂಪಿನವರು ಎಂದಿನಂತೆ ವೈದ್ಯರನ್ನು ಕಂಡಾಗ ಹೇಳುತ್ತಿದ್ದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬದುಕುಳಿದ ಅವಧಿಯ ಮಧ್ಯಾಂಕವು ಮೊದಲ ಗುಂಪಿನಲ್ಲಿ 31.2 ತಿಂಗಳು, ಎರಡನೆಯದರಲ್ಲಿ 26 ತಿಂಗಳು. ಮೊದಲ ಗುಂಪಿನವರು ಕೀಮೋವನ್ನು ಹೆಚ್ಚು ಕಾಲ ತಾಳಿಕೊಂಡದ್ದೂ ಕಂಡುಬಂತು. ಇದಕ್ಕಾಗಿ ಯಾವ ಹೊಸ ಔಷಧಿಯನ್ನೂ ಕಂಡುಹಿಡಿಯಬೇಕಾಗಲಿಲ್ಲ. ರೋಗಿಯ ಮಾತನ್ನು ಕ್ರಮವಾಗಿ ಕೇಳಿ ಅದಕ್ಕೆ ಸ್ಪಂದಿಸುವ ಏರ್ಪಾಟೊಂದೇ ಸಾಕಾಯಿತು. ಅಡ್ಡಪರಿಣಾಮಗಳ ಮಾತೆತ್ತಿದರೆ ಮನೋಬಲ ಕುಸಿಯುತ್ತದೆ ಎಂಬ ನಾಲ್ಕನೆಯ ವಾದಕ್ಕೂ ಉತ್ತರ ಇದರಲ್ಲಿಯೇ ಇದೆ.

‘ಮೊದಲು ಕ್ಯಾನ್ಸರ್’ ಎಂಬ ವಾದವು ರೋಗಿಗಳದ್ದಷ್ಟೇ ಅಲ್ಲ, ಆಸ್ಪತ್ರೆಗಳ ರಚನೆಯಲ್ಲಿಯೂ ಅದು ಮನೆಮಾಡಿದೆ. ಬೆಂಗಳೂರಿನಲ್ಲಿಯೇ ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆ, ಹೃದಯಕ್ಕೆ ಜಯದೇವ ಸಂಸ್ಥೆ, ಎದೆರೋಗಗಳಿಗೆ ರಾಜೀವ್ ಗಾಂಧಿ ಸಂಸ್ಥೆ ಎಂದು ಸರ್ಕಾರವು ಬೇರೆ ಬೇರೆ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದೆ. ಒಂದೊಂದು ಅಂಗಕ್ಕೂ ಪರಿಣತಿ ಬೇಕಾದ್ದರಿಂದ ಅದು ಸಹಜವೂ ಹೌದು. ಆದರೆ ಡಾಕ್ಸೊರುಬಿಸಿನ್ ಇಳಿಯುವುದು ಕ್ಯಾನ್ಸರ್, ಹೃದಯ, ಶ್ವಾಸಕೋಶ ಮೂರೂ ಇರುವ ಒಂದೇ ಮೈಗೆ. ಕ್ಯಾನ್ಸರ್ ತಜ್ಞರೂ ಹೃದಯ ತಜ್ಞರೂ ಕೂಡಿ ರೋಗಿಯನ್ನು ನೋಡುವ ಕಾರ್ಡಿಯೊ-ಆಂಕಾಲಜಿ ಎಂಬ ಶಾಖೆಯು ಈ ಅಂತರವನ್ನು ತುಂಬಲೆಂದೇ ಬೆಳೆದದ್ದು, ಮತ್ತು ಯುರೋಪಿನ ಹೃದಯ ತಜ್ಞರ ಸಂಘವು ಈ ವಿಷಯದಲ್ಲಿ ತನ್ನ ಮೊದಲ ಮಾರ್ಗಸೂಚಿಯನ್ನು 2022ರಲ್ಲಿ ಹೊರತಂದಿತು. ಚಿಕಿತ್ಸೆಗೆ ಮೊದಲೇ ಅಪಾಯದ ಮಟ್ಟವನ್ನು ಅಳೆಯಬೇಕು, ನಡುವೆ ನಿಗದಿತ ಅಂತರದಲ್ಲಿ ತಪಾಸಣೆ ಮಾಡಬೇಕು, ಮುಗಿದ ಮೇಲೂ ಗಮನಿಸುತ್ತಿರಬೇಕು ಎಂಬುದು ಅದರ ತಿರುಳು.

ಈ ಮಾತು ಕರ್ನಾಟಕಕ್ಕೆ ಇನ್ನೊಂದು ಕಾರಣದಿಂದಲೂ ಹತ್ತಿರದ್ದು. ಕೆಲವು ಬಗೆಯ ಸ್ತನ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿರುವ ಹರ್-2 ಎಂಬ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮ್ಯಾಬ್‌ನ ತದ್ರೂಪವನ್ನು ಬೆಂಗಳೂರಿನ ಬಯೋಕಾನ್ ಕಂಪನಿಯು 2014ರಲ್ಲಿ ಮೂಲ ಔಷಧಿಗಿಂತ ಕಡಿಮೆ ಬೆಲೆಗೆ ಭಾರತದ ಮಾರುಕಟ್ಟೆಗೆ ತಂದಿತು. ಅದೇ ಪ್ರೋಟೀನು ಹೃದಯದ ಸ್ನಾಯುಕೋಶಗಳಿಗೂ ಬೇಕಾಗಿರುವುದರಿಂದ ಈ ಔಷಧಿಯು ಕೆಲವರ ಹೃದಯವನ್ನು ದುರ್ಬಲಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಯೋಗದಲ್ಲಿ ಇದನ್ನು ಆಂಥ್ರಾಸೈಕ್ಲಿನ್ ಜೊತೆಯಲ್ಲಿಯೇ ಕೊಟ್ಟಾಗ ಶೇ. 27ರಷ್ಟು ಮಂದಿಯಲ್ಲಿ ಹೃದಯದ ತೊಂದರೆ ಕಾಣಿಸಿತು, ಆಂಥ್ರಾಸೈಕ್ಲಿನ್ ಮಾತ್ರ ಪಡೆದವರಲ್ಲಿ ಅದು ಶೇ. 8. ಅಂದಿನಿಂದ ಎರಡನ್ನೂ ಒಂದೇ ಕಾಲಕ್ಕೆ ಕೊಡುವುದನ್ನು ತಪ್ಪಿಸಲಾಗುತ್ತಿದೆ, ಮತ್ತು ಔಷಧಿ ನಡೆಯುವಷ್ಟು ಕಾಲ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ತಪಾಸಣೆ ಮಾಡಿಸುವುದು ನಿಯಮವಾಗಿದೆ. ಶಬ್ದ ತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ, ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿದ ರಕ್ತದ ಎಷ್ಟು ಪಾಲನ್ನು ಪ್ರತಿ ಮಿಡಿತಕ್ಕೆ ಹೊರದೂಡುತ್ತದೆ ಎಂಬುದನ್ನು ಅಳೆಯುತ್ತದೆ. ಟ್ರಾಸ್ಟುಜುಮ್ಯಾಬ್‌ನ ಹಾನಿಯು ಬಹುಮಟ್ಟಿಗೆ ತಾತ್ಕಾಲಿಕ. ಕೆಲಕಾಲ ನಿಲ್ಲಿಸಿ ಹೃದಯವನ್ನು ಸುಧಾರಿಸಿಕೊಂಡು ಮತ್ತೆ ಆರಂಭಿಸಬಹುದು. ಅಗ್ಗದ ಔಷಧಿಯನ್ನು ಜಿಲ್ಲೆಯ ರೋಗಿಗೆ ತಲುಪಿಸಿ ಎಕೋ ತಪಾಸಣೆಯನ್ನು ತಲುಪಿಸದಿದ್ದರೆ ಆ ಕೆಲಸ ಅರ್ಧಕ್ಕೇ ನಿಂತಂತೆ.

ಸಹನೆಯ ಹೊರೆ ಎಲ್ಲರ ಮೇಲೂ ಒಂದೇ ರೀತಿಯಲ್ಲಿ ಬೀಳುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರ್, ಮತ್ತು ಹೃದಯಕ್ಕೆ ಪೆಟ್ಟು ಕೊಡಬಲ್ಲ ಎರಡು ಮುಖ್ಯ ಔಷಧಿಗಳೂ ಅದರ ಚಿಕಿತ್ಸೆಯಲ್ಲಿವೆ. ತನ್ನ ಕಾಯಿಲೆಯಿಂದ ಮನೆಯವರಿಗೆ ಖರ್ಚು, ಓಡಾಟ, ಊಟದ ತೊಂದರೆ ಆಯಿತೆಂದು ಮೊದಲೇ ಕುಗ್ಗಿರುವ ಹೆಂಗಸಿಗೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂಬ ಇನ್ನೊಂದು ದೂರನ್ನು ಹೇಳಲು ಸಂಕೋಚವಾಗುತ್ತದೆ, ಮತ್ತು ಆ ಸಂಕೋಚವನ್ನು ಸುತ್ತಲಿನವರು ಗಟ್ಟಿತನವೆಂದು ಹೊಗಳುತ್ತಾರೆ. ಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮ. ರಕ್ತದ ಕ್ಯಾನ್ಸರಿನಿಂದ ಪೂರ್ತಿ ಗುಣವಾದ ಮಗುವಿನ ಮುಂದೆ ಅರವತ್ತು ಎಪ್ಪತ್ತು ವರ್ಷಗಳ ಬದುಕಿರುತ್ತದೆ, ಮತ್ತು ಬಾಲ್ಯದಲ್ಲಿ ಪಡೆದ ಆಂಥ್ರಾಸೈಕ್ಲಿನ್‌ನ ಪರಿಣಾಮ ದಶಕಗಳ ನಂತರ, ಕೆಲವೊಮ್ಮೆ ಆ ಹೆಣ್ಣುಮಗು ಬೆಳೆದು ಬಸುರಿಯಾದಾಗ, ಹೃದಯ ವೈಫಲ್ಯವಾಗಿ ಎದ್ದು ಬರಬಹುದು. ಯಾವ ಔಷಧಿ, ಒಟ್ಟು ಎಷ್ಟು ಮಿಲಿಗ್ರಾಂ ಎಂಬ ಚೀಟಿಯು ಆ ಮಗುವಿಗೆ ಜೀವಮಾನದ ದಾಖಲೆಯಾಗಬೇಕು.

ಈ ಖಂಡನೆಯನ್ನು ಕೀಮೋಥೆರಪಿಯನ್ನೇ ತಿರಸ್ಕರಿಸುವವರು ತಮ್ಮ ಪರವೆಂದು ತೆಗೆದುಕೊಳ್ಳಬಾರದು. ಕೀಮೋ ಹೃದಯವನ್ನು ತಿನ್ನುತ್ತದೆ, ಆದುದರಿಂದ ಅದನ್ನು ಬಿಟ್ಟು ಕಷಾಯ, ಪಥ್ಯಗಳನ್ನು ಹಿಡಿಯಿರಿ ಎನ್ನುವವರು, ಗುಣವಾಗಬಹುದಾದ ಲಿಂಫೋಮವನ್ನೂ ಸ್ತನ ಕ್ಯಾನ್ಸರನ್ನೂ ಗುಣವಾಗದ ಹಂತಕ್ಕೆ ತಲುಪಿಸುತ್ತಾರೆ. ಸಹಿಸಿಕೊಳ್ಳಿ ಎನ್ನುವವರಿಗೂ ಬಿಟ್ಟುಬಿಡಿ ಎನ್ನುವವರಿಗೂ ಒಂದು ಸಾಮ್ಯವಿದೆ. ಕೀಮೋವನ್ನೂ ಅದರ ಹಾನಿಯನ್ನೂ ಬೇರ್ಪಡಿಸಲಾಗದು ಎಂದು ಇಬ್ಬರೂ ನಂಬುತ್ತಾರೆ. ಬೇರ್ಪಡಿಸಬಹುದು, ಪೂರ್ತಿಯಾಗಿ ಅಲ್ಲದಿದ್ದರೂ ಬಹುಪಾಲು, ಎಂಬುದನ್ನೇ ಮೇಲಿನ ಸಾಕ್ಷ್ಯಗಳು ಹೇಳುತ್ತವೆ.

ಹಾಗಾದರೆ ನಿಜವಾಗಿ ನಿಭಾಯಿಸುವುದು ಎಂದರೆ ಏನು? ಮೊದಲ ಸುತ್ತಿಗೆ ಮುಂಚೆಯೇ ರಕ್ತದೊತ್ತಡ, ಸಕ್ಕರೆ, ಇಸಿಜಿಗಳನ್ನು ನೋಡಿಸುವುದು. ಹೃದಯಕ್ಕೆ ತಟ್ಟುವ ಔಷಧಿಯಿದ್ದರೆ ಎಕೋ, ಬ್ಲಿಯೊಮೈಸಿನ್ ಇದ್ದರೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸುವುದು. ಮುಂದೆ ಏನು ಬದಲಾಯಿತೆಂದು ತಿಳಿಯಲು ಹಿಂದೆ ಏನಿತ್ತೆಂಬ ಅಳತೆ ಬೇಕೇಬೇಕು. ಮನೆಯಲ್ಲಿ ಪ್ರತಿದಿನ ತೂಕ ನೋಡಿ ಬರೆದಿಡುವುದು, ಏಕೆಂದರೆ ಕೆಲವೇ ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಬಹುಶಃ ಮೈಯಲ್ಲಿ ನಿಂತ ನೀರು. ಮಲಗಲು ಎಷ್ಟು ದಿಂಬು ಬೇಕಾಗುತ್ತಿದೆ, ಮೊನ್ನೆ ನಿಲ್ಲದೆ ಹತ್ತಿದ ಮೆಟ್ಟಿಲಿನಲ್ಲಿ ಇಂದು ಎಷ್ಟು ಸಲ ನಿಲ್ಲಬೇಕಾಯಿತು ಎಂಬುದನ್ನು ಗಮನಿಸುವುದು. ಬಾಯಿರುಚಿ ಕೆಟ್ಟಿದೆಯೆಂದು ಉಪ್ಪಿನಕಾಯಿ, ಹಪ್ಪಳಗಳನ್ನು ಧಾರಾಳವಾಗಿ ಬಡಿಸುವ ಮನೆಯವರು, ದುರ್ಬಲ ಹೃದಯದವರಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತದೆ ಎಂಬುದನ್ನು ನೆನಪಿಡಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಉಪಯುಕ್ತವೇ. ಆದರೆ ಅದರ ಅಂಕಿ ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯವೂ ಸರಿಯಾಗಿದೆ ಎಂದು ಅರ್ಥವಲ್ಲ.

ಕೆಲವು ಲಕ್ಷಣಗಳಿಗೆ ಬೆಳಗಿನವರೆಗೂ ಕಾಯುವಂತಿಲ್ಲ. ಹಠಾತ್ತನೆ ಬಂದ ಏದುಸಿರು, ಎದೆ ಹಿಂಡಿದಂತಹ ನೋವು, ತಲೆಸುತ್ತಿ ಬೀಳುವುದು, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲಿನ ಊತ, ಉಬ್ಬಸದೊಡನೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ ಇವು ತುರ್ತು ವಿಭಾಗಕ್ಕೆ ಸೇರಿದವು. ಕಾರಣ ಪತ್ತೆಯಾಗಿ ಚಿಕಿತ್ಸೆ ಆರಂಭವಾದ ಮೇಲೂ ಉಳಿಯುವ ಏದುಸಿರಿಗೆ ಮನೆಯಲ್ಲಿ ಮಾಡಬಹುದಾದ ಉಪಾಯಗಳಿವೆ: ಮುಂದಕ್ಕೆ ಬಾಗಿ ತೋಳುಗಳನ್ನು ಮೇಜಿಗೆ ಊರಿ ಕೂರುವುದು, ಮೂಗಿನಿಂದ ಉಸಿರೆಳೆದು ತುಟಿಗಳನ್ನು ಕಿರಿದಾಗಿಸಿ ನಿಧಾನವಾಗಿ ಬಿಡುವುದು, ಸಣ್ಣ ಫ್ಯಾನಿನ ಗಾಳಿಯನ್ನು ಮುಖಕ್ಕೆ ಹಿಡಿಯುವುದು. ವೈದ್ಯರು ಒಪ್ಪಿದವರಿಗೆ ದಿನವೂ ಮಿತವಾದ ನಡಿಗೆ ಹಾಸಿಗೆ ಹಿಡಿಯುವುದಕ್ಕಿಂತ ಒಳ್ಳೆಯದು. ಕ್ಯಾನ್ಸರ್ ಗುಣವಾಗದ ಹಂತ ತಲುಪಿದವರಲ್ಲಿಯೂ ಏದುಸಿರು ಅನುಭವಿಸಲೇಬೇಕಾದ ಶಿಕ್ಷೆಯಲ್ಲ. ಉಪಶಮನ ಚಿಕಿತ್ಸೆಯ ವೈದ್ಯರು ಕಡಿಮೆ ಪ್ರಮಾಣದ ಮಾರ್ಫಿನ್‌ನಿಂದ ಅದನ್ನು ಸುರಕ್ಷಿತವಾಗಿ ತಗ್ಗಿಸಬಲ್ಲರು.

ಇಷ್ಟರಿಂದ ನಿಲ್ಲುವ ತೀರ್ಮಾನ ಸರಳವಾದದ್ದು. ಕೀಮೋಥೆರಪಿಯ ಕಾಲದಲ್ಲಿ ಕೂದಲು ಉದುರುವುದನ್ನು, ವಾಕರಿಕೆಯ ಕೆಲವು ದಿನಗಳನ್ನು ಧೈರ್ಯದಿಂದ ಎದುರಿಸಬೇಕಾಗಬಹುದು. ಎದೆಯ ನೋವನ್ನು ಮತ್ತು ಉಸಿರಿನ ಕೊರತೆಯನ್ನು ಧೈರ್ಯದಿಂದ ಮುಚ್ಚಿಡುವುದು ಸದ್ಗುಣವಲ್ಲ, ಚಿಕಿತ್ಸೆಗೆ ಮಾಡಿಕೊಳ್ಳುವ ಅಡ್ಡಿ. ಚಿಕಿತ್ಸೆ ಕೊಡುವವರು ಪ್ರತಿ ಸುತ್ತಿನಲ್ಲಿಯೂ ‘ಉಸಿರಾಟ ಹೇಗಿದೆ, ಮಲಗಿದಾಗ ಕಷ್ಟವಾಗುತ್ತದೆಯೇ, ಎದೆ ಹಿಡಿಯುತ್ತದೆಯೇ’ ಎಂದು ತಾವಾಗಿಯೇ ಕೇಳಬೇಕು, ಮತ್ತು ರಾತ್ರಿಯ ಹೊತ್ತು ಕರೆ ಮಾಡಲು ಒಂದು ದೂರವಾಣಿ ಸಂಖ್ಯೆಯನ್ನು ರೋಗಿಯ ಚೀಟಿಯ ಮೇಲೆ ಬರೆದುಕೊಡಬೇಕು. ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೊಡುವ ಸರ್ಕಾರವೂ ವಿಮೆಯೂ ಹೃದಯ ಮತ್ತು ಶ್ವಾಸಕೋಶಗಳ ತಪಾಸಣೆಯನ್ನು ಆ ಚಿಕಿತ್ಸೆಯ ಅಂಗವೆಂದೇ ಎಣಿಸಬೇಕು. ಮನೆಯವರು ‘ಇದ್ದದ್ದೇ’ ಎನ್ನುವುದನ್ನು ಬಿಟ್ಟು ‘ಯಾವಾಗಿನಿಂದ’ ಎಂದು ಕೇಳಬೇಕು. ರೋಗಿಗಳು, ಯಾರಿಗೆ ಬೇಸರವಾದರೂ ಸರಿ, ಮುಂದಿನ ಸುತ್ತಿನ ತಾರೀಕಿಗೆ ಕಾಯದೆ, ತಮ್ಮ ಏದುಸಿರನ್ನು ಅದು ಕಾಣಿಸಿಕೊಂಡ ದಿನವೇ ವೈದ್ಯರಿಗೆ ತಿಳಿಸಬೇಕು.